ಒಂದೂವರೆ ಕಿಲೋಮೀಟರಿನ ಪ್ಲಾಟ್‌ಫಾರ್ಮು, ಎರಡೂವರೆ ಎಕರೆ ಹೊಲ
ಮಕ್ಕಳ ಲೆಕ್ಕ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳು ಸ್ಥಾನಬೆಲೆ, ದಶಮಾಂಶ ಮತ್ತು ಹೇಳಿಕೆ ಲೆಕ್ಕಗಳ ಕುರಿತಾಗಿವೆ. ಬರೆದವರು ಬೇರೆ ಬೇರೆ ಊರಿನವರು, ಅವರ ತೊಂದರೆಗಳೂ ಮೇಲ್ನೋಟಕ್ಕೆ ಬೇರೆ ಬೇರೆ. ಆದರೆ ನಾಲ್ಕೈದು ಪತ್ರಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದಾಗ ಅವುಗಳ ಬೇರು ಒಂದೇ ಎಂದು ನನಗೆ ಕಂಡಿತು. ಆದ್ದರಿಂದ ಬಂದ ಕ್ರಮವನ್ನು ಬಿಟ್ಟು, ಒಂದರ ಉತ್ತರ ಇನ್ನೊಂದಕ್ಕೆ ಒದಗುವ ಹಾಗೆ ಅವುಗಳನ್ನು ಜೋಡಿಸಿದ್ದೇನೆ.

ಪ್ರಶ್ನೆ: ನನ್ನ ಮಗಳು ಐದನೇ ತರಗತಿಯಲ್ಲಿ ಓದುತ್ತಿದ್ದಾಳೆ. ನಮ್ಮ ಹುಬ್ಬಳ್ಳಿ ನಿಲ್ದಾಣದ ಪ್ಲಾಟ್‌ಫಾರ್ಮು 1.507 ಕಿ.ಮೀ., ಗೋರಖಪುರದ್ದು 1.36633 ಕಿ.ಮೀ. ಎಂದು ಓದಿದವಳು, ‘ಹಾಗಾದರೆ ಗೋರಖಪುರದ್ದೇ ಉದ್ದ, ನಮ್ಮದು ಜಗತ್ತಿನಲ್ಲೇ ಉದ್ದ ಎನ್ನುವುದು ಸುಳ್ಳು’ ಎಂದು ಹಟ ಹಿಡಿದಿದ್ದಾಳೆ. ಬೈದು ನೋಡಿದೆ, ಒಪ್ಪುತ್ತಿಲ್ಲ. ಹೇಗೆ ತಿಳಿಸಿ ಹೇಳಲಿ?
(ಒಬ್ಬ ತಾಯಿ, ಕೇಶ್ವಾಪುರ, ಹುಬ್ಬಳ್ಳಿ)

ಉತ್ತರ: ತಾಯಿ, ಮೊದಲು ಬೈಯುವುದನ್ನು ನಿಲ್ಲಿಸಿರಿ, ಏಕೆಂದರೆ ನಿಮ್ಮ ಮಗಳು ಯೋಚಿಸದೆ ತಪ್ಪಿದವಳಲ್ಲ. ಒಂದನೇ ತರಗತಿಯಿಂದ ನಾಲ್ಕನೇ ತರಗತಿಯವರೆಗೆ ಅವಳು ಕಲಿತ ಪ್ರತಿಯೊಂದು ಸಂಖ್ಯೆಯಲ್ಲೂ ಹೆಚ್ಚು ಅಂಕಿಗಳಿದ್ದದ್ದೇ ದೊಡ್ಡದಾಗಿತ್ತು. ಐದಂಕಿಯ 36,633 ಮೂರಂಕಿಯ 507ಕ್ಕಿಂತ ದೊಡ್ಡದೆಂಬುದರಲ್ಲಿ ಅನುಮಾನವಿಲ್ಲ. ಅವಳು ಚುಕ್ಕೆಯನ್ನು ಒಂದು ಗೋಡೆಯೆಂದು ತಿಳಿದು, ಗೋಡೆಯ ಆಚೆಗಿನ ಅಂಕಿಗಳನ್ನು ಇನ್ನೊಂದು ಸ್ವತಂತ್ರ ಸಂಖ್ಯೆಯೆಂದು ಓದಿದ್ದಾಳೆ, ಅಷ್ಟೇ. ಸರಿಯಾದ ನಿಯಮವನ್ನು ಅದು ಸಲ್ಲದ ಕಡೆ ಹಚ್ಚಿದ್ದಾಳೆ.

ಎರಡೂ ಉದ್ದಗಳನ್ನು ಮೀಟರಿಗೆ ಇಳಿಸಿ ಬರೆಯಿಸಿರಿ. ನಮ್ಮದು 1507 ಮೀಟರ್, ಗೋರಖಪುರದ್ದು 1366.33 ಮೀಟರ್. ಇಷ್ಟಕ್ಕೇ ಅವಳ ಹಟ ಇಳಿಯಬಹುದು, ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಅವಳು ಉತ್ತರವನ್ನು ಒಪ್ಪುತ್ತಾಳೆಯೇ ಹೊರತು ಕಾರಣವನ್ನಲ್ಲ. ಮುಂದೆ ಕೇಳಬೇಕಾದ ಪ್ರಶ್ನೆ ಇದು: 1.507ರಲ್ಲಿ ಚುಕ್ಕೆಯ ಬಲಕ್ಕಿರುವ ಮೊದಲ 5 ಎಷ್ಟು ಮೀಟರನ್ನು ಹೇಳುತ್ತದೆ? ಅದು ದಶಾಂಶ ಸ್ಥಾನ, ಎಂದರೆ ಕಿಲೋಮೀಟರಿನ ಹತ್ತನೇ ಒಂದು ಭಾಗದ ಸ್ಥಾನ. ಹಾಗಾಗಿ ಆ 5 ಎಂಬುದು 500 ಮೀಟರ್. ಗೋರಖಪುರದ ಸಂಖ್ಯೆಯಲ್ಲಿ ಅದೇ ಸ್ಥಾನದಲ್ಲಿ 3 ಇದೆ, ಎಂದರೆ 300 ಮೀಟರ್. ಅಲ್ಲಿಗೆ ತೀರ್ಮಾನವಾಯಿತು. ಅದರ ಹಿಂದೆ 6633 ಇರಲಿ, ಇನ್ನೂ ಹತ್ತು ಅಂಕಿಗಳಿರಲಿ, ಎಲ್ಲವೂ ಸೇರಿದರೂ ಇನ್ನೊಂದು ನೂರು ಮೀಟರ್ ತುಂಬುವುದಿಲ್ಲ. ನಿಘಂಟಿನಲ್ಲಿ ‘ಕಡಲೆಕಾಯಿ’ ಎಂಬ ಉದ್ದದ ಪದ ‘ಕಾಗೆ’ ಎಂಬ ಗಿಡ್ಡ ಪದಕ್ಕಿಂತ ಮೊದಲೇ ಬರುವುದನ್ನು ತೋರಿಸಿರಿ. ಅಲ್ಲಿ ನಾವು ಪದದ ಉದ್ದವನ್ನು ನೋಡದೆ, ಎಡದಿಂದ ಒಂದೊಂದೇ ಅಕ್ಷರವನ್ನು ಹೋಲಿಸುತ್ತ ಹೋಗುತ್ತೇವೆ. ದಶಮಾಂಶದ ಹೋಲಿಕೆಯೂ ಹಾಗೆಯೇ ನಡೆಯುತ್ತದೆ.

ಈ ಗೋಡೆಯ ಕಲ್ಪನೆ ಮಕ್ಕಳಿಗೆ ಎಲ್ಲಿಂದ ಬರುತ್ತದೆ ಎಂದು ಕೇಳಿದರೆ, ನಾವೇ ಕೊಟ್ಟದ್ದು ಎನ್ನಬೇಕಾಗುತ್ತದೆ. ದಶಮಾಂಶವನ್ನು ಸಾಮಾನ್ಯವಾಗಿ ರೂಪಾಯಿ ಮತ್ತು ಪೈಸೆಯಿಂದ ಆರಂಭಿಸುತ್ತೇವೆ. 5.50 ಎಂದರೆ ಐದು ರೂಪಾಯಿ ಐವತ್ತು ಪೈಸೆ, 5.05 ಎಂದರೆ ಐದು ರೂಪಾಯಿ ಐದು ಪೈಸೆ. ಇಲ್ಲಿ ಚುಕ್ಕೆಯ ಈಚೆ ರೂಪಾಯಿಯ ಮನೆ, ಆಚೆ ಪೈಸೆಯ ಮನೆ. ಆಚೆ ಯಾವಾಗಲೂ ಎರಡೇ ಅಂಕಿಗಳಿರುವುದರಿಂದ, ಅವುಗಳನ್ನು ಪೂರ್ಣಸಂಖ್ಯೆಯಂತೆ ಹೋಲಿಸಿದರೂ ಉತ್ತರ ಸರಿಯಾಗಿಯೇ ಬರುತ್ತದೆ, ತಪ್ಪು ತಿಳಿವಳಿಕೆ ಬಯಲಿಗೆ ಬರುವುದೇ ಇಲ್ಲ. ಮೇಲಾಗಿ ಇಂದಿನ ಮಕ್ಕಳ ಕೈಗೆ ಪೈಸೆ ಸಿಗುವುದಿಲ್ಲ. ರೂಪಾಯಿಗೆ ನೂರು ಪೈಸೆಯ ಪದ್ಧತಿ 1957ರ ಏಪ್ರಿಲ್ 1ರಂದು ಜಾರಿಗೆ ಬಂದಿತು, ಅದಕ್ಕೆ ಮೊದಲು ರೂಪಾಯಿಗೆ ಹದಿನಾರು ಆಣೆಗಳಿದ್ದವು. 25 ಪೈಸೆಯ ನಾಣ್ಯದ ಚಲಾವಣೆ 2011ರ ಜೂನ್ 30ಕ್ಕೆ ಮುಗಿಯಿತು. ಮನೆಯ ಹಿರಿಯರು ‘ಎಂಟಾಣೆ’ ಎಂದಾಗ ಅರ್ಧ ರೂಪಾಯಿ ಎಂದು ಮಗು ತಿಳಿಯಬಹುದು, ಆದರೆ ಅದನ್ನು ಅಂಗೈಯಲ್ಲಿ ಹಿಡಿದು ನೋಡಿರುವುದಿಲ್ಲ. ಆದ್ದರಿಂದ ದಶಮಾಂಶದ ಮೊದಲ ಪಾಠ ದುಡ್ಡಿನದಾಗಿರಬಾರದು, ಉದ್ದದ್ದಾಗಿರಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಅಂಟಿಸಿ ಒಂದು ಮೀಟರ್ ಉದ್ದದ ಪಟ್ಟಿ ಮಾಡಿಕೊಳ್ಳಿರಿ. ಅದನ್ನು ಅವಳೇ ಹತ್ತು ಸಮಭಾಗ ಮಾಡಲಿ, ಆ ಭಾಗಗಳಲ್ಲಿ ಒಂದನ್ನು ಮತ್ತೆ ಹತ್ತು ಭಾಗ ಮಾಡಲಿ. ಬಳಿಕ ಅವಳ ಎತ್ತರ, ಬಾಗಿಲಿನ ಅಗಲ, ಕಟ್ಟೆಯ ಉದ್ದಗಳನ್ನು ಅಳೆದು ಬರೆಯಲಿ. 1.3ಕ್ಕೂ 1.4ಕ್ಕೂ ನಡುವೆ ಬೇರೆ ಸಂಖ್ಯೆ ಇದೆಯೇ ಎಂದು ಆಗ ಕೇಳಿರಿ. ‘ಇಲ್ಲ’ ಎಂದರೆ ಪಟ್ಟಿಯನ್ನೇ ಕೈಗೆ ಕೊಟ್ಟು ಸುಮ್ಮನೆ ಕುಳಿತುಕೊಳ್ಳಿರಿ.

ಇನ್ನೊಂದು ಮಾತು. 1.507 ಅನ್ನು ‘ಒಂದು ದಶಮಾಂಶ ಐನೂರ ಏಳು’ ಎಂದು ಮನೆಯಲ್ಲಿ ಯಾರೂ ಓದಬಾರದು. ‘ಒಂದು ದಶಮಾಂಶ ಐದು ಸೊನ್ನೆ ಏಳು’ ಎಂದೇ ಓದಬೇಕು. ಹಾಗೆ ಓದುವ ಮಗು ನಡುವಿನ ಸೊನ್ನೆಯನ್ನು ನುಂಗಿ 1.57 ಎಂದು ಬರೆಯುವುದು ಕಡಿಮೆ. ಆ ಒಂದು ಸೊನ್ನೆ ತಪ್ಪಿದರೆ ಪ್ಲಾಟ್‌ಫಾರ್ಮು 63 ಮೀಟರ್ ಬೆಳೆಯುತ್ತದೆ, ಎಂದರೆ ರೈಲಿನ ಎರಡೂವರೆ ಬೋಗಿಯಷ್ಟು.

ಪ್ರಶ್ನೆ: ನಮ್ಮ ಹೊಲದ ಉತಾರದಲ್ಲಿ (ಪಹಣಿಯಲ್ಲಿ) 2.20 ಎಂದಿದೆ. ಅದು ಎರಡೂವರೆ ಎಕರೆ ಎಂದು ನಾನು ಹೇಳಿದರೆ, ಆರನೇ ತರಗತಿಯ ಮೊಮ್ಮಗ ‘ಅಜ್ಜಾ, 2.20 ಎಂದರೆ 2.2, ಎರಡೂವರೆ ಬೇಕಾದರೆ 2.5 ಇರಬೇಕು’ ಎನ್ನುತ್ತಾನೆ. ನಾನು ಶಾಲೆ ಕಲಿತದ್ದು ಕಡಿಮೆ. ಯಾರು ಸರಿ?
(ಒಬ್ಬ ರೈತರು, ಬ್ಯಾಡಗಿ ತಾಲ್ಲೂಕು, ಹಾವೇರಿ ಜಿಲ್ಲೆ)

ಉತ್ತರ: ಹಿರಿಯರೇ, ಹೊಲದ ವಿಷಯದಲ್ಲಿ ನೀವು ಸರಿ, ದಶಮಾಂಶದ ವಿಷಯದಲ್ಲಿ ಮೊಮ್ಮಗ ಸರಿ. ತಪ್ಪೇನಿದ್ದರೂ ಆ ಚುಕ್ಕೆಯದು. ಉತಾರದಲ್ಲಿರುವ ಚುಕ್ಕೆ ದಶಮಾಂಶ ಬಿಂದುವಲ್ಲ, ಅದು ಎಕರೆಯನ್ನೂ ಗುಂಟೆಯನ್ನೂ ಬೇರೆ ಮಾಡಲು ಇಟ್ಟ ಗುರುತು. ಎಕರೆಗೆ 40 ಗುಂಟೆ, ಆದ್ದರಿಂದ 2 ಎಕರೆ 20 ಗುಂಟೆ ಎಂದರೆ ಎರಡೂವರೆ ಎಕರೆಯೇ. ಅದನ್ನು ದಶಮಾಂಶದಲ್ಲಿ ಬರೆಯುವುದಾದರೆ 2.5 ಎಂದು ಬರೆಯಬೇಕು.

ಮೊಮ್ಮಗನಿಗೆ ಈ ಲೆಕ್ಕ ಕೊಟ್ಟು ನೋಡಿರಿ. ಒಂದು ತುಂಡು 1 ಎಕರೆ 30 ಗುಂಟೆ, ಇನ್ನೊಂದು 1 ಎಕರೆ 25 ಗುಂಟೆ ಇದ್ದರೆ ಎರಡೂ ಸೇರಿ ಎಷ್ಟು? ಅವನು 1.30ಕ್ಕೆ 1.25 ಕೂಡಿಸಿ 2.55 ಎಂದರೆ, ಅವನ ಕೈಯಿಂದ ಹೊಲ ಜಾರಿತೆಂದೇ ಲೆಕ್ಕ. ಗುಂಟೆಗಳು ಸೇರಿದರೆ 55, ಅದರಲ್ಲಿ 40 ಒಂದು ಎಕರೆಯಾಗಿ ಎಡಕ್ಕೆ ಹೋಗುತ್ತದೆ, 15 ಗುಂಟೆ ಉಳಿಯುತ್ತದೆ. ಒಟ್ಟು 3 ಎಕರೆ 15 ಗುಂಟೆ, ದಶಮಾಂಶದಲ್ಲಿ 3.375 ಎಕರೆ. ಎಡಕ್ಕೆ ದಾಟಲು ಇಲ್ಲಿ 40 ಬೇಕು, ದಶಮಾಂಶದಲ್ಲಿ 10 ಸಾಕು. ಇವೆರಡರ ನಡುವಿನ ವ್ಯತ್ಯಾಸವೆಲ್ಲ ಇಷ್ಟೇ.

ಇಂಥ ಹುಸಿ ಚುಕ್ಕೆಗಳು ನಮ್ಮ ಸುತ್ತ ಬೇಕಾದಷ್ಟಿವೆ. ಬಸ್ಸು 5.30ಕ್ಕೆ ಹೊರಡುತ್ತದೆ ಎಂದರೆ ಐದೂವರೆ ಗಂಟೆ, ಏಕೆಂದರೆ ಅಲ್ಲಿ 60 ತುಂಬಬೇಕು. ಕ್ರಿಕೆಟ್ಟಿನಲ್ಲಿ 4.3 ಓವರ್ ಎಂದರೆ ನಾಲ್ಕೂವರೆ ಓವರ್, ಏಕೆಂದರೆ ಅಲ್ಲಿ 6 ತುಂಬಬೇಕು. 4.5ರ ಬಳಿಕ ಒಂದು ಎಸೆತ ಮುಗಿದರೆ 5 ಓವರ್ ಆಗುತ್ತದೆ, 4.6 ಆಗುವುದಿಲ್ಲ. ನಿಮ್ಮ ಮೊಮ್ಮಗನಿಗೆ ಇದು ತಿಳಿದೇ ಇರುತ್ತದೆ, ಹೊಲಕ್ಕೂ ಓವರಿಗೂ ನಂಟಿದೆ ಎಂಬುದಷ್ಟೇ ಹೊಳೆದಿರಲಿಕ್ಕಿಲ್ಲ. ಶಾಲೆ ಕಲಿತದ್ದು ಕಡಿಮೆ ಎಂದು ಬರೆದಿದ್ದೀರಿ. ಚುಕ್ಕೆಯ ಬಲಕ್ಕೆ ಎಷ್ಟು ತುಂಬಿದರೆ ಎಡಕ್ಕೆ ಒಂದು ದಾಟುತ್ತದೆ ಎಂದು ಕೇಳುವ ಅಭ್ಯಾಸವನ್ನು ಅವನು ನಿಮ್ಮಿಂದ ಕಲಿಯಬಹುದು.

ಪ್ರಶ್ನೆ: ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. 2011ರ ಜನಗಣತಿಯಂತೆ ಗದಗ ಜಿಲ್ಲೆಯ ಜನಸಂಖ್ಯೆ ಹತ್ತು ಲಕ್ಷ ಅರವತ್ತನಾಲ್ಕು ಸಾವಿರದ ಐದುನೂರ ಎಪ್ಪತ್ತು ಎಂದು ಹೇಳಿ ಬರೆಸಿದರೆ, ಮಕ್ಕಳು ಸೊನ್ನೆಗಳ ಸಾಲನ್ನೇ ಇಡುತ್ತಾರೆ. ಸ್ಥಾನಬೆಲೆಯ ಕೋಷ್ಟಕವನ್ನು ಮಾತ್ರ ಎಲ್ಲರೂ ಸರಿಯಾಗಿ ತುಂಬುತ್ತಾರೆ. ಕಳೆಯುವ ಲೆಕ್ಕದಲ್ಲಿ ಸೊನ್ನೆ ಬಂದರೂ ಕಂಗಾಲಾಗುತ್ತಾರೆ. ಎಲ್ಲಿ ತಪ್ಪುತ್ತಿದ್ದೇನೆ?
(ಗದಗ ತಾಲ್ಲೂಕು)

ಉತ್ತರ: ಅಕ್ಕೋರೆ, ನೀವು ತಪ್ಪುತ್ತಿಲ್ಲ, ಆ ಕೋಷ್ಟಕ ನಿಮಗೆ ಮೋಸ ಮಾಡುತ್ತಿದೆ. ಮನೆಗೊಂದು ಅಂಕಿಯಂತೆ ಕೋಷ್ಟಕ ತುಂಬಲು ಸ್ಥಾನಬೆಲೆ ತಿಳಿದಿರಬೇಕಾಗಿಲ್ಲ, ಅಂಕಿಗಳನ್ನು ಎಡದಿಂದ ನಕಲು ಮಾಡಲು ಬಂದರೆ ಸಾಕು.

ನಿಮ್ಮ ಮಕ್ಕಳು ಕಿವಿಗೆ ಬಿದ್ದಂತೆ ಬರೆಯುತ್ತಿದ್ದಾರೆ. ‘ಹತ್ತು ಲಕ್ಷ’ ಕೇಳಿದೊಡನೆ 10,00,000 ಇಟ್ಟು, ಅದರ ಮುಂದೆ 64,000 ಇಟ್ಟು, 500 ಮತ್ತು 70 ಜೋಡಿಸುತ್ತಾರೆ. ಇದಕ್ಕೆ ಒಂದರ ಮೇಲೊಂದು ಇಡುವ ಚೀಟಿಗಳಷ್ಟು ಒಳ್ಳೆಯ ಮದ್ದಿಲ್ಲ. ಹಳೆಯ ಲಗ್ನಪತ್ರಿಕೆಗಳ ಗಟ್ಟಿ ಕಾಗದದಲ್ಲಿ 10,00,000 ಎಂಬ ಉದ್ದದ ಚೀಟಿ, 60,000, 4,000, 500, 70 ಎಂಬ ಒಂದಕ್ಕಿಂತ ಒಂದು ಗಿಡ್ಡವಾದ ಚೀಟಿಗಳನ್ನು, ಅಂಕಿಗಳ ಅಗಲ ಒಂದೇ ಇರುವಂತೆ ಮಾಡಿಸಿರಿ. ಬಲತುದಿಗೆ ಸರಿಹೊಂದಿಸಿ ಒಂದರ ಮೇಲೊಂದು ಇಟ್ಟರೆ 10,64,570 ತಾನಾಗಿ ಕಾಣುತ್ತದೆ. 60,000ದ ಸೊನ್ನೆಗಳು ಕಾಣೆಯಾದದ್ದಲ್ಲ, ಬೇರೆ ಚೀಟಿಗಳ ಅಡಿಯಲ್ಲಿ ಕುಳಿತಿವೆ ಎಂದು ಮಗು ಎತ್ತಿ ನೋಡಬಹುದು. ಲಕ್ಷದ ಮನೆಯ ಸೊನ್ನೆಯ ಮೇಲೆ ಯಾವ ಚೀಟಿಯೂ ಬಾರದಿರುವುದನ್ನು ಅವರೇ ಗುರುತಿಸುವಂತೆ ಮಾಡಿರಿ. ನಿಮ್ಮ ಶಾಲೆಯಲ್ಲಿ ಗಣಿತ ಕಲಿಕಾ ಆಂದೋಲನದ ಕಿಟ್ (ಸರ್ಕಾರಿ ಶಾಲೆಗಳಿಗೆ ಕೊಟ್ಟ, ಲೆಕ್ಕ ಕಲಿಸುವ ಸಾಮಗ್ರಿಗಳ ಪೆಟ್ಟಿಗೆ) ಇದ್ದರೆ ಅದನ್ನು ಬೀರುವಿನಿಂದ ಹೊರಗೆ ತೆಗೆಯಿರಿ.

ಮಕ್ಕಳ ತಿಳಿವಳಿಕೆಯನ್ನು ಪರೀಕ್ಷಿಸಲು ನಾನು ಕೇಳುವುದು ಒಂದೇ ಪ್ರಶ್ನೆ: 137ರಲ್ಲಿ ಎಷ್ಟು ಹತ್ತುಗಳಿವೆ? ಬಹಳ ಮಕ್ಕಳು ‘ಮೂರು’ ಎನ್ನುತ್ತಾರೆ. ಹತ್ತರ ಮನೆಯಲ್ಲಿ 3 ಇರುವುದು ನಿಜ, ಆದರೆ 137ರಲ್ಲಿ ಇರುವ ಹತ್ತುಗಳು ಹದಿಮೂರು. ನಮ್ಮ ಕಡೆ ಮನೆಯಲ್ಲಿ ರೊಟ್ಟಿ ಬಡಿದು ಮಾರುವ ಹೆಣ್ಣುಮಕ್ಕಳಿದ್ದಾರೆ. ಹತ್ತು ರೊಟ್ಟಿಗೆ ಒಂದು ಕಟ್ಟು ಕಟ್ಟಿದರೆ 137 ರೊಟ್ಟಿಗೆ ಎಷ್ಟು ಕಟ್ಟು ಎಂದು ಕೇಳಿರಿ. ಮೂರೇ ಕಟ್ಟು ಎಂದು ಹೇಳುವವರು ಯಾರೂ ಇರುವುದಿಲ್ಲ. ಹದಿಮೂರು ಕಟ್ಟು, ಏಳು ಬಿಡಿ ರೊಟ್ಟಿ.

ಈ ಒಂದು ತಿಳಿವಳಿಕೆ ಬಂದರೆ ಸೊನ್ನೆಗಳ ಮೇಲೆ ಕಳೆಯುವ ಕಷ್ಟ ಅರ್ಧಕ್ಕರ್ಧ ಇಳಿಯುತ್ತದೆ. 5003ರಿಂದ 1678 ಕಳೆಯಬೇಕು. ಮೂರರಲ್ಲಿ ಎಂಟು ಹೋಗುವುದಿಲ್ಲ. ಪಕ್ಕದ ಮನೆಯಲ್ಲಿ ಸೊನ್ನೆ, ಅದರ ಪಕ್ಕದಲ್ಲೂ ಸೊನ್ನೆ. ಎರವಲು ಕೇಳುತ್ತ ಮಗು ಮೂರು ಮನೆ ಅಲೆದು ದಾರಿ ತಪ್ಪುತ್ತದೆ. ಅದರ ಬದಲು 5003 ಎಂದರೆ 500 ಹತ್ತುಗಳು ಮತ್ತು 3 ಬಿಡಿ ಎಂದು ನೋಡಲಿ. ಒಂದು ಹತ್ತನ್ನು ಬಿಚ್ಚಿದರೆ 499 ಹತ್ತುಗಳು, 13 ಬಿಡಿಗಳು. 13ರಲ್ಲಿ 8 ಹೋದರೆ 5. 499ರಲ್ಲಿ 167 ಹೋದರೆ 332. ಉತ್ತರ 3325. ಒಂದೇ ಸಲ ಎರವಲು, ಒಂದೇ ಕಡೆ ಕಾಟು.

ಕನ್ನಡದ ಸಂಖ್ಯೆಯ ಹೆಸರುಗಳು ನಿಮಗೆ ನೆರವಾಗುತ್ತವೆ. ಇಪ್ಪತ್ತು ಎಂದರೆ ಎರಡು ಹತ್ತು, ಮೂವತ್ತು ಎಂದರೆ ಮೂರು ಹತ್ತು, ಇಪ್ಪತ್ತಮೂರು ಎನ್ನುವಾಗ ಹತ್ತು ಮೊದಲು, ಬಿಡಿ ಆಮೇಲೆ. ಬರೆಯುವ ಕ್ರಮವೂ ಅದೇ. ಮನೆಯಲ್ಲಿ ಉರ್ದುವನ್ನೋ ಮರಾಠಿಯನ್ನೋ ಆಡುವ ಮಕ್ಕಳಿಗೆ ಆ ಅನುಕೂಲವಿಲ್ಲ. ಮರಾಠಿಯ ‘ತೇವೀಸ’ದಲ್ಲಿ ಮೂರು ಮೊದಲು ಬಂದು ಇಪ್ಪತ್ತು ಆಮೇಲೆ ಬರುತ್ತದೆ. ಅಂಥ ಮಗು 23ಕ್ಕೆ 32 ಬರೆದರೆ ಅದನ್ನು ಅಜಾಗರೂಕತೆ ಎನ್ನಬೇಡಿರಿ.

ಪ್ರಶ್ನೆ: ಇಂಗ್ಲಿಷ್ ಮಾಧ್ಯಮದ ನನ್ನ ಮಗ ಕೆಲವೊಮ್ಮೆ 1,064,570 ಎಂದೂ ಕೆಲವೊಮ್ಮೆ 10,64,570 ಎಂದೂ ಬರೆಯುತ್ತಾನೆ. ಯಾವುದು ಸರಿ?
(ಗದಗ-ಬೆಟಗೇರಿ)

ಉತ್ತರ: ಎರಡೂ ಸರಿ, ಒಂದೇ ಲೆಕ್ಕದಲ್ಲಿ ಎರಡನ್ನೂ ಬೆರೆಸುವುದು ಮಾತ್ರ ಸರಿಯಲ್ಲ. ನಮ್ಮ ಪದ್ಧತಿಯಲ್ಲಿ ಬಲದಿಂದ ಮೊದಲು ಮೂರು, ಆಮೇಲೆ ಎರಡೆರಡು ಅಂಕಿಗಳಿಗೆ ಅಲ್ಪವಿರಾಮ, ಮಿಲಿಯನ್ ಪದ್ಧತಿಯಲ್ಲಿ ಉದ್ದಕ್ಕೂ ಮೂರು ಮೂರು. ಹತ್ತು ಲಕ್ಷವೇ ಒಂದು ಮಿಲಿಯನ್, ಒಂದು ಕೋಟಿ ಎಂದರೆ ಹತ್ತು ಮಿಲಿಯನ್. ಅಲ್ಪವಿರಾಮ ಓದುವ ಅನುಕೂಲಕ್ಕೆ ಇದೆ, ಅದನ್ನು ಅಳಿಸಿದರೂ ಸಂಖ್ಯೆ ಬದಲಾಗುವುದಿಲ್ಲ.

ಪ್ರಶ್ನೆ: ನನ್ನ ಮಗನಿಗೆ ಮಗ್ಗಿ ಬಾಯಿಪಾಠವಿದೆ, ಗುಣಾಕಾರ ಭಾಗಾಕಾರ ಸರಾಗವಾಗಿ ಮಾಡುತ್ತಾನೆ. ಹೇಳಿಕೆ ಲೆಕ್ಕ ಬಂದರೆ ಮಾತ್ರ ‘ಅಪ್ಪಾ, ಇದು ಕೂಡುವುದೋ ಕಳೆಯುವುದೋ?’ ಎಂದು ಕೇಳುತ್ತಾನೆ. ಟ್ಯೂಷನ್‌ನಲ್ಲಿ ‘ಒಟ್ಟು’ ಇದ್ದರೆ ಕೂಡು, ‘ಉಳಿದ’ ಇದ್ದರೆ ಕಳೆ, ‘ತಲಾ’ ಇದ್ದರೆ ಭಾಗಿಸು ಎಂದು ಪಟ್ಟಿ ಬರೆಸಿದ್ದಾರೆ. ಆದರೂ ಅಂಕ ಬರುತ್ತಿಲ್ಲ.
(ಒಬ್ಬ ತಂದೆ, ಸಪ್ತಾಪುರ, ಧಾರವಾಡ)

ಉತ್ತರ: ಆ ಪಟ್ಟಿ ಇರುವುದರಿಂದಲೇ ಅಂಕ ಬರುತ್ತಿಲ್ಲ ಎಂದು ನನಗೆ ಅನ್ನಿಸುತ್ತದೆ. ಒಂದು ಲೆಕ್ಕ ನೋಡಿರಿ: ‘ಒಬ್ಬಾಕೆ ತನ್ನ ಹತ್ತಿರವಿದ್ದ ರೊಟ್ಟಿಗಳಲ್ಲಿ 45 ಮಾರಿದಳು, ಈಗ 28 ಉಳಿದಿವೆ. ಮೊದಲು ಎಷ್ಟಿದ್ದವು?’ ಇಲ್ಲಿ ‘ಉಳಿದಿವೆ’ ಎಂಬ ಮಾತಿದೆ, ‘ಮಾರಿದಳು’ ಎಂಬ ಮಾತೂ ಇದೆ, ಮಾಡಬೇಕಾದದ್ದು ಕೂಡುವುದು, ಉತ್ತರ 73. ‘ತಲಾ’ ಎಂಬ ಪದವಂತೂ ಎರಡೂ ಕಡೆ ಸಲ್ಲುತ್ತದೆ. 8 ಮಕ್ಕಳಿಗೆ ತಲಾ 6 ಪೇಡೆ ಕೊಡಲು ಎಷ್ಟು ಪೇಡೆ ಬೇಕು ಎಂದರೆ ಗುಣಿಸಬೇಕು, 48 ಪೇಡೆಗಳನ್ನು 8 ಮಕ್ಕಳಿಗೆ ಹಂಚಿದರೆ ತಲಾ ಎಷ್ಟು ಎಂದರೆ ಭಾಗಿಸಬೇಕು. ಪದವನ್ನು ಹಿಡಿದು ಕ್ರಿಯೆಗೆ ಜಿಗಿಯುವ ಮಗು ನಡುವಿನ ಕಥೆಯನ್ನು ಓದುವುದೇ ಇಲ್ಲ.

ಮಗ ಕಥೆಯನ್ನು ಓದುತ್ತಾನೋ ಇಲ್ಲವೋ ಎಂದು ತಿಳಿಯಲು ಒಂದು ಕೀಟಲೆ ಮಾಡಿರಿ. ‘ಬ್ಯಾಡಗಿ ಮಾರುಕಟ್ಟೆಗೆ ಹೊರಟ ಟೆಂಪೋದಲ್ಲಿ 18 ಚೀಲ ಮೆಣಸಿನಕಾಯಿ, 7 ಚೀಲ ಜೋಳ ಇವೆ. ಡ್ರೈವರನ ವಯಸ್ಸು ಎಷ್ಟು?’ ಎಂದು ಗಂಭೀರವಾಗಿ ಕೇಳಿರಿ. ಅವನು 25 ಎಂದರೆ ಅವನ ರೋಗ ನಿಮಗೆ ತಿಳಿಯಿತು. ನಕ್ಕರೆ ಅರ್ಧ ಗೆದ್ದಂತೆ.

ಚಿಕಿತ್ಸೆ ಭಾಷೆಯಿಂದ ಆರಂಭವಾಗಬೇಕು. ‘ಕಿಲೋಗೆ 35 ರೂಪಾಯಿಯಂತೆ 3 ಕಿಲೋ ಈರುಳ್ಳಿಯನ್ನು ಖರೀದಿಸಿ 200 ರೂಪಾಯಿಯ ನೋಟನ್ನು ನೀಡಿದರೆ ಮರಳಿ ದೊರೆಯುವ ಮೊತ್ತವೆಷ್ಟು?’ ಎಂಬುದು ಪುಸ್ತಕದ ಕನ್ನಡ. ನಮ್ಮ ಮನೆಗಳಲ್ಲಿ ಯಾರೂ ಖರೀದಿಸುವುದಿಲ್ಲ, ನೀಡುವುದಿಲ್ಲ, ಮೊತ್ತ ದೊರೆಯುವುದೂ ಇಲ್ಲ. ಪುಸ್ತಕ ಮುಚ್ಚಿ, ಆ ಲೆಕ್ಕವನ್ನು ಅವನ ಮಾತಿನಲ್ಲಿ ಹೇಳಿಸಿರಿ. ‘ಮೂರ ಕಿಲೋ ಉಳ್ಳಾಗಡ್ಡಿ ತಗೊಂಡ್ವಿ, ಕಿಲೋಕ್ಕ ಮೂವತ್ತೈದು, ಎರಡನೂರ ಕೊಟ್ವಿ, ಎಷ್ಟ ಹೊಳ್ಳಿ ಬರತೈತಿ?’ ಎಂದು ಅವನು ಹೇಳಿದನೆಂದರೆ, 105 ಕಳೆದು 95 ಎನ್ನಲು ನಿಮ್ಮ ನೆರವು ಬೇಕಾಗುವುದಿಲ್ಲ. ಹೇಳಲು ಬಾರದಿದ್ದರೆ ಪೆನ್ಸಿಲ್ ಮುಟ್ಟಲು ಬಿಡಬೇಡಿರಿ.

ಕನ್ನಡ ವಾಕ್ಯದ ಕಟ್ಟಿನಲ್ಲೇ ಒಂದು ಎಡವುವ ಕಲ್ಲಿದೆ, ಅದನ್ನು ಬೇರೆಯಾಗಿ ಹೇಳಬೇಕು. ‘ತಂಗಿಗಿಂತ ಅಕ್ಕನ ಹತ್ತಿರ 15 ರೂಪಾಯಿ ಹೆಚ್ಚು ಇದೆ. ಅಕ್ಕನ ಹತ್ತಿರ 60 ರೂಪಾಯಿ ಇದ್ದರೆ ತಂಗಿಯ ಹತ್ತಿರ ಎಷ್ಟು?’ ವಾಕ್ಯದಲ್ಲಿ ತಂಗಿ ಮೊದಲು ಬರುತ್ತಾಳೆ, ‘ಹೆಚ್ಚು’ ಕೊನೆಯಲ್ಲಿ ಬರುತ್ತದೆ. ‘-ಗಿಂತ’ ಎಂಬ ಚಿಕ್ಕ ತುಣುಕನ್ನು ಕಿವಿ ತಪ್ಪಿಸಿದರೆ ಹೆಚ್ಚು ಇರುವುದು ತಂಗಿಯ ಹತ್ತಿರವೇ ಎಂದಾಗಿ, ಮಗು 75 ಎನ್ನುತ್ತದೆ. ಆದ್ದರಿಂದ ಅಂಕಿಗಳನ್ನು ಮುಟ್ಟುವ ಮೊದಲು ‘ಯಾರ ಹತ್ತಿರ ಹೆಚ್ಚು?’ ಎಂದಷ್ಟೇ ಕೇಳಬೇಕು. ಬಳಿಕ ಅಕ್ಕನಿಗೆ ಒಂದು ಉದ್ದ ಗೆರೆ, ಅದರ ಕೆಳಗೆ ತಂಗಿಗೆ ಗಿಡ್ಡ ಗೆರೆ ಎಳೆದು, ಕಡಿಮೆ ಬಿದ್ದ ಭಾಗಕ್ಕೆ 15 ಎಂದು ಬರೆದರೆ 45 ಎಂಬುದು ಕಣ್ಣಿಗೇ ಕಾಣುತ್ತದೆ.

ಉತ್ತರ ಬಂದ ಮೇಲೂ ಕಥೆಗೆ ಮರಳಬೇಕು. 130ನ್ನು 18ರಿಂದ ಭಾಗಿಸಿದರೆ ಭಾಗಲಬ್ಧ 7, ಶೇಷ 4. ಈಗ ಮೂರು ಕಥೆಗಳು. ಲಕ್ಕುಂಡಿಗೆ ಪ್ರವಾಸ ಹೊರಟ 130 ಮಕ್ಕಳಿಗೆ, ಒಂದೊಂದರಲ್ಲಿ 18 ಮಕ್ಕಳು ಕೂರುವ ಟೆಂಪೋಗಳು ಎಷ್ಟು ಬೇಕು? ಎಂಟು, ಇಲ್ಲವಾದರೆ ನಾಲ್ವರು ಮಕ್ಕಳು ಶಾಲೆಯ ಬಾಗಿಲಲ್ಲೇ ಉಳಿಯುತ್ತಾರೆ. 130 ರೂಪಾಯಿಗೆ 18 ರೂಪಾಯಿಯ ಪೆನ್ನುಗಳು ಎಷ್ಟು ಬರುತ್ತವೆ? ಏಳೇ, ಉಳಿದ 4 ರೂಪಾಯಿಗೆ ಅರ್ಧ ಪೆನ್ನು ಕೊಡುವ ಅಂಗಡಿ ಇಲ್ಲ. 130 ಮೀಟರ್ ಹಗ್ಗವನ್ನು 18 ಸಮ ತುಂಡು ಮಾಡಿದರೆ? ಆಗ ಶೇಷವನ್ನೂ ಹಂಚಬೇಕು, ತುಂಡಿಗೆ ಸುಮಾರು 7.2 ಮೀಟರ್. ಭಾಗಾಕಾರ ಒಂದೇ, ಉತ್ತರಗಳು ಮೂರು. ‘7, ಶೇಷ 4’ ಎಂದು ಬರೆದು ಪುಸ್ತಕ ಮಡಚುವ ಮಗು ಕಥೆಯೊಳಕ್ಕೆ ಇಳಿದಿರುವುದಿಲ್ಲ.

ದಿನಕ್ಕೆ ಇಪ್ಪತ್ತು ಹೇಳಿಕೆ ಲೆಕ್ಕ ಮಾಡಿಸುವುದಕ್ಕಿಂತ ಎರಡು ಮಾಡಿಸಿರಿ. ವಾರಕ್ಕೊಮ್ಮೆ ‘84ನ್ನು 7ರಿಂದ ಭಾಗಿಸಬೇಕಾಗುವಂಥ ಒಂದು ಕಥೆ ಹೇಳು’ ಎಂದು ಅವನಿಂದಲೇ ಲೆಕ್ಕ ಕಟ್ಟಿಸಿರಿ.

ಪ್ರಶ್ನೆ: ನಾನು ಆರನೇ ತರಗತಿ. ಪರೀಕ್ಷೆಯಲ್ಲಿ 12.5 + 3.75 = 5.00 ಎಂದು ಬರೆದೆ. ಸರ್ ತಪ್ಪು ಹಾಕಿದರು. ಕೂಡಿದ್ದು ಸರಿ ಇದೆ, ನಾಲ್ಕು ಸಲ ನೋಡಿದ್ದೇನೆ.
(ಒಬ್ಬ ವಿದ್ಯಾರ್ಥಿ, ರಾಣೆಬೆನ್ನೂರು)

ಉತ್ತರ: ನೀನು 125ಕ್ಕೆ 375 ಕೂಡಿ 500 ಎಂದದ್ದು ನೂರಕ್ಕೆ ನೂರು ಸರಿ, ಮಗು. ಆದರೆ ನಿನ್ನ ಕಿಸೆಯಲ್ಲಿ ಹನ್ನೆರಡೂವರೆ ರೂಪಾಯಿ ಇದ್ದು, ಅಮ್ಮ ಇನ್ನೂ ಮೂರು ಮುಕ್ಕಾಲು ರೂಪಾಯಿ ಕೊಟ್ಟ ಮೇಲೆ ಐದೇ ರೂಪಾಯಿ ಉಳಿದರೆ ಕಿಸೆ ಹರಿದಿದೆಯೇ ಎಂದು ನೋಡಿಕೊಳ್ಳುತ್ತೀಯಲ್ಲವೇ? ಪೂರ್ಣಸಂಖ್ಯೆಗಳನ್ನು ಕೂಡುವಾಗ ಬಲತುದಿಗೆ ಸಾಲು ಹಿಡಿಯುತ್ತೇವೆ, ಏಕೆಂದರೆ ಅಲ್ಲಿ ಬಲತುದಿಯಲ್ಲಿ ಯಾವಾಗಲೂ ಬಿಡಿ ಇರುತ್ತದೆ. 12.5ರ ಬಲತುದಿಯಲ್ಲಿ ದಶಾಂಶವಿದೆ, 3.75ರ ಬಲತುದಿಯಲ್ಲಿ ಶತಾಂಶವಿದೆ. ನೀನು ದಶಾಂಶಕ್ಕೆ ಶತಾಂಶವನ್ನು ಕೂಡಿದ್ದೀಯ. ಚುಕ್ಕೆಯ ಕೆಳಗೆ ಚುಕ್ಕೆ ಇಡು, ಬೇಕಿದ್ದರೆ 12.50 ಎಂದು ಬರೆದುಕೊ, 16.25 ಬರುತ್ತದೆ. ಕೂಡುವ ಮೊದಲು ‘ಹನ್ನೆರಡಕ್ಕೆ ಸುಮಾರು ನಾಲ್ಕು, ಹದಿನಾರರ ಆಸುಪಾಸು’ ಎಂದು ಅಂಚಿನಲ್ಲಿ ಬರೆದಿಟ್ಟುಕೊ. ಇನ್ನೊಂದು ವಿಷಯ ನೀನು ಕೇಳಿಲ್ಲ, ಆದರೂ ಹೇಳುತ್ತೇನೆ: 2.5ನ್ನು 10ರಿಂದ ಗುಣಿಸುವಾಗ ಕೊನೆಗೆ ಸೊನ್ನೆ ಹಚ್ಚಿ 2.50 ಎಂದು ಬರೆಯಬೇಡ. ಅಂಕಿಗಳೆಲ್ಲ ಒಂದು ಮನೆ ಎಡಕ್ಕೆ ಸರಿದು 25 ಆಗುತ್ತವೆ.

ಪ್ರಶ್ನೆ: ಡೇರಿಗೆ ಹಾಲು ಹಾಕಿದಾಗ ಫ್ಯಾಟ್ 4.0 ಎಂದು ಚೀಟಿ ಬರುತ್ತದೆ. ಮಗಳು ಶಾಲೆಯಲ್ಲಿ 4.0 ಎಂಬುದನ್ನು 4 ಎಂದು ಬರೆದಳು, ಸರಿ ಎಂದರು. ಹಾಗಾದರೆ ಆ ಸೊನ್ನೆಯನ್ನು ಯಂತ್ರ ಯಾಕೆ ಅಚ್ಚು ಹಾಕುತ್ತದೆ? ದಂಡಕ್ಕೋ?
(ಕುಂದಗೋಳ ತಾಲ್ಲೂಕು, ಧಾರವಾಡ ಜಿಲ್ಲೆ)

ಉತ್ತರ: ದಂಡಕ್ಕಲ್ಲ. ಸಂಖ್ಯೆಯಾಗಿ 4, 4.0, 4.00 ಎಲ್ಲ ಒಂದೇ, ಮಗಳಿಗೆ ಅಂಕ ಕೊಟ್ಟದ್ದು ನ್ಯಾಯವೇ. ಕೊನೆಯ ಸೊನ್ನೆ ‘ಇಲ್ಲಿ ದಶಾಂಶ ಒಂದೂ ಇಲ್ಲ’ ಎಂದು ಹೇಳುತ್ತದೆ, ಹೇಳದಿದ್ದರೂ ಬೆಲೆ ಬದಲಾಗುವುದಿಲ್ಲ. ಆದರೆ ಚೀಟಿಯಲ್ಲಿರುವುದು ಅಳತೆ. 4 ಎಂದಷ್ಟೇ ಬರೆದಿದ್ದರೆ ಯಂತ್ರ ಪೂರ್ಣಾಂಕದವರೆಗೆ ಮಾತ್ರ ಅಳೆಯಿತೋ, 3.8 ಇದ್ದದ್ದನ್ನು ಹತ್ತಿರದ 4 ಎಂದಿತೋ ನಿಮಗೆ ತಿಳಿಯುತ್ತಿರಲಿಲ್ಲ. 4.0 ಎಂದಾಗ, ಹತ್ತನೇ ಒಂದು ಭಾಗದವರೆಗೂ ನೋಡಿದ್ದೇನೆ, ಅದು 3.9ಕ್ಕಿಂತಲೂ 4.1ಕ್ಕಿಂತಲೂ 4ಕ್ಕೇ ಹತ್ತಿರವಿದೆ ಎಂದು ಯಂತ್ರ ಹೇಳಿದಂತಾಯಿತು. ಹಾಲಿನ ದರ ಫ್ಯಾಟಿನ ದಶಾಂಶದ ಮೇಲೂ ನಿಂತಿರುವುದರಿಂದ ಆ ಸೊನ್ನೆಗೆ ದುಡ್ಡಿನ ಬೆಲೆಯೂ ಇದೆ. ಮಗಳು 4.0ಯನ್ನು 40 ಎಂದು ಓದದಂತೆ ಮಾತ್ರ ನೋಡಿಕೊಳ್ಳಿರಿ. ಅಷ್ಟು ಕೊಬ್ಬಿನ ಹಾಲು ಕೊಡುವ ಎಮ್ಮೆಯನ್ನು ನಾನೂ ಹುಡುಕುತ್ತಿದ್ದೇನೆ.